ಹೊಸಬರ ಕೈಗೆ ರೇಡಿಯೊ ಕೊಡಿ

ಆರ್‌ಸಿ ವಿಮಾನ ಹಾರಿಸುವ ಹಳಬರು ನಾಲ್ಕು ಜನ ಸೇರಿದರೆ ಒಂದು ಮಾತು ಬಂದೇ ಬರುತ್ತದೆ. ಈಗಿನ ಹುಡುಗರಿಗೆ ಇದರಲ್ಲಿ ಆಸಕ್ತಿಯಿಲ್ಲ, ಮೊಬೈಲು ಬಿಟ್ಟು ಏಳುವುದಿಲ್ಲ, ನಮ್ಮ ತಲೆಮಾರಿಗೇ ಈ ಹವ್ಯಾಸ ಮುಗಿಯಿತು ಎಂಬ ಮಾತು ಅದು. ನಾನಿದನ್ನು ಒಪ್ಪುವುದಿಲ್ಲ. ಭಾನುವಾರ ಬೆಳಿಗ್ಗೆ ಊರಾಚೆಯ ಯಾವುದಾದರೂ ಬಯಲಿನಲ್ಲಿ ಒಂದು ಪುಟ್ಟ ವಿಮಾನ ಮೇಲೇರಲಿ, ಹತ್ತು ನಿಮಿಷದೊಳಗೆ ಜನ ಸೇರುತ್ತಾರೆ. ಬೈಕು ಪಕ್ಕಕ್ಕೆ ಹಾಕಿ ನಿಂತವರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದವರು, ‘ಎಷ್ಟು ದೂರ ಹೋಗುತ್ತೆ ಸಾರ್? ಎಷ್ಟು ಖರ್ಚಾಗುತ್ತೆ?’ ಎಂದು ಕೇಳುವವರು. ಅವರಲ್ಲಿ ಒಬ್ಬಿಬ್ಬರು ಮರುವಾರವೂ ಬರುತ್ತಾರೆ. ವಿಚಾರಿಸಿ, ಓದಿ, ದುಡ್ಡು ಹೊಂದಿಸಿ ಒಂದು ವಿಮಾನ ಕೊಳ್ಳುತ್ತಾರೆ. ಮೂರನೆಯ ತಿಂಗಳಿಗೆ ಅವರ ಸುಳಿವಿರುವುದಿಲ್ಲ. ಹೊಸಬರು ಬರುತ್ತಿಲ್ಲ ಎಂಬುದು ಸುಳ್ಳು, ಬಂದವರು ನಿಲ್ಲುತ್ತಿಲ್ಲ. ಇದನ್ನು ಗುರುತಿಸದ ಕ್ಲಬ್ಬುಗಳು ಪೋಸ್ಟರ್ ಅಂಟಿಸುವುದರಲ್ಲಿ, ಪ್ರದರ್ಶನ ಏರ್ಪಡಿಸುವುದರಲ್ಲಿ, ವಾಟ್ಸ್ಯಾಪ್ ಗುಂಪು ಕಟ್ಟುವುದರಲ್ಲಿ ಶ್ರಮವನ್ನೆಲ್ಲ ಸುರಿಯುತ್ತಿವೆ. ಸೋರುವ ಜಾಗ ಬೇರೆಯೇ ಇದೆ.

ಈ ಲೋಕದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಆರ್‌ಸಿ ಎಂದರೆ ರೇಡಿಯೊ ಕಂಟ್ರೋಲ್. ಹಾರಿಸುವವರ ಕೈಯಲ್ಲಿ ಎರಡು ಸ್ಟಿಕ್ಕುಗಳಿರುವ ಟ್ರಾನ್ಸ್‌ಮಿಟರ್ ಇರುತ್ತದೆ. ಮೈದಾನದಲ್ಲಿ ಅದನ್ನು ಎಲ್ಲರೂ ಬರೀ ‘ರೇಡಿಯೊ’ ಎನ್ನುತ್ತಾರೆ. ವಿಮಾನದ ಹೊಟ್ಟೆಯಲ್ಲಿ ರಿಸೀವರ್, ಅದಕ್ಕೆ ಜೋಡಿಸಿದ ಸರ್ವೊ ಎಂಬ ಪುಟ್ಟ ಮೋಟಾರುಗಳು, ಚಿಕ್ಕ ವಿಮಾನಗಳಲ್ಲಿ ಸಾಮಾನ್ಯವಾಗಿ ಒಂಬತ್ತು ಗ್ರಾಂ ತೂಕದವು. ಸ್ಟಿಕ್ ಎಷ್ಟು ಸರಿಯಿತೋ ಅಷ್ಟೇ ಸರ್ವೊದ ತೋಳು ತಿರುಗುತ್ತದೆ. ತೋಳಿಗೆ ಸಿಕ್ಕಿಸಿದ ತಂತಿ ಬಾಲದಲ್ಲಿ ಪಕ್ಕಕ್ಕೆ ತಿರುಗಿಸುವ ರಡ್ಡರನ್ನೋ ಮೂತಿ ಏರಿಳಿಸುವ ಎಲಿವೇಟರನ್ನೋ ಎಳೆಯುತ್ತದೆ, ಇಲ್ಲವೇ ತಳ್ಳುತ್ತದೆ. ಕಾರು, ದೋಣಿ, ಹೆಲಿಕಾಪ್ಟರು ಎಲ್ಲವೂ ಇದೇ ತತ್ತ್ವದವು. ಮದುವೆ ಮನೆಯಲ್ಲಿ ಫೋಟೊ ತೆಗೆಯುವ ಡ್ರೋನ್‌ಗೂ ಈ ವಿಮಾನಕ್ಕೂ ಮಾತ್ರ ಒಂದು ದೊಡ್ಡ ವ್ಯತ್ಯಾಸವಿದೆ. ಆ ಡ್ರೋನ್‌ನ ಸ್ಟಿಕ್ಕುಗಳಿಂದ ಕೈ ತೆಗೆದರೆ ಅದು ಉಪಗ್ರಹದ ಸಂಕೇತ ಹಿಡಿದು ಇದ್ದಲ್ಲೇ ನಿಲ್ಲುತ್ತದೆ. ವಿಮಾನ ನಿಲ್ಲಲಾರದು. ಮುಂದೆ ಚಲಿಸುತ್ತಿದ್ದರಷ್ಟೇ ಅದಕ್ಕೆ ರೆಕ್ಕೆಯ ಬಲ. ಕ್ಷಣಕ್ಷಣವೂ ಅದನ್ನು ಹಾರಿಸುತ್ತಲೇ ಇರಬೇಕು. ಈ ಹವ್ಯಾಸದ ಸುಖವೂ ಇದೇ, ಹೊಸಬರ ಕಷ್ಟವೂ ಇದೇ.

ಹಿಂದೆ ಕ್ಲಬ್ಬು ಸೇರದೆ ವಿಧಿಯಿರಲಿಲ್ಲ. ಹಳೆಯ ರೇಡಿಯೊಗಳು 27, 35, 72 ಮೆಗಾಹರ್ಟ್ಸ್ ಪಟ್ಟಿಗಳಲ್ಲಿ ಕೆಲಸ ಮಾಡುತ್ತಿದ್ದವು, ಪ್ರತಿಯೊಂದಕ್ಕೂ ಒಂದು ಚಾನೆಲ್‌ನ ಕ್ರಿಸ್ಟಲ್. ಒಂದೇ ಚಾನೆಲ್‌ನ ಎರಡು ರೇಡಿಯೊಗಳು ಒಟ್ಟಿಗೆ ಆನ್ ಆದವೋ, ಆಕಾಶದಲ್ಲಿದ್ದ ವಿಮಾನ ನೆಲಕ್ಕೆ. ಹಾಗಾಗಿ ಮೈದಾನದಲ್ಲಿ ಒಂದು ಹಲಗೆ, ಹಲಗೆಯ ಮೇಲೆ ಚಾನೆಲ್ ಸಂಖ್ಯೆ ಬರೆದ ಕ್ಲಿಪ್ಪುಗಳು. ತನ್ನ ಸಂಖ್ಯೆಯ ಕ್ಲಿಪ್ಪು ಕೈಗೆ ಬರುವ ತನಕ ಯಾರೂ ರೇಡಿಯೊದ ಸ್ವಿಚ್ಚು ಮುಟ್ಟುವಂತಿರಲಿಲ್ಲ. ಹೊಸಬ ಬಂದರೆ ಮೊದಲು ಮಾತಾಡಿಸಲೇಬೇಕಿತ್ತು: ‘ನಿಮ್ಮದು ಯಾವ ಚಾನೆಲ್?’ ಎಂಜಿನ್ನಿನ ಕಥೆಯೂ ಅಷ್ಟೇ. ಮೆಥನಾಲ್, ಹರಳೆಣ್ಣೆ, ನೈಟ್ರೊಮೀಥೇನ್ ಬೆರೆಸಿದ ಇಂಧನ ಕುಡಿಯುವ ಗ್ಲೋ ಎಂಜಿನ್ನು ಹೊಸಬರ ಕೈಯಲ್ಲಿ ಹೊತ್ತಿಕೊಳ್ಳುತ್ತಿರಲಿಲ್ಲ. ಹಳಬರೊಬ್ಬರು ಕಿವಿಗೊಟ್ಟು ಸದ್ದು ಕೇಳಿ, ಕಾರ್ಬುರೇಟರಿನ ಸೂಜಿಯನ್ನು ಅರ್ಧ ಸುತ್ತು ಆ ಕಡೆ ಈ ಕಡೆ ತಿರುಗಿಸಿ ಕೊಡಬೇಕಿತ್ತು. ಹೀಗೆ ಯಂತ್ರಗಳ ಹಟವೇ ಜನರನ್ನು ಹತ್ತಿರ ತರುತ್ತಿತ್ತು.

ಈಗ ಅದು ಯಾವುದೂ ಇಲ್ಲ. 2005ರಲ್ಲಿ ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯ ಸಾಧನಗಳಿಗೆ ಪರವಾನಗಿ ಬೇಡವೆಂದಾಯಿತು. ಅದರ ಹಿಂದೆಯೇ ಆ ಪಟ್ಟಿಯ ಆರ್‌ಸಿ ರೇಡಿಯೊಗಳು ಬಂದವು. ಒಂದರ ಸಂಕೇತ ಇನ್ನೊಂದಕ್ಕೆ ತಗುಲದಂತೆ ಅವು ತಾವೇ ನೋಡಿಕೊಳ್ಳುತ್ತವೆ. ಕ್ಲಿಪ್ಪಿನ ಹಲಗೆ ಮೂಲೆ ಸೇರಿತು. ಎಂಜಿನ್ನಿನ ಜಾಗಕ್ಕೆ ಬ್ಯಾಟರಿ ಮೋಟಾರು ಬಂತು, ಪಾಠಗಳು ಯೂಟ್ಯೂಬಿಗೆ ಹೋದವು. ಹೊಸಬನೊಬ್ಬ ಯಾರನ್ನೂ ಮಾತಾಡಿಸದೆ ಎಲ್ಲವನ್ನೂ ತರಿಸಿಕೊಂಡು ಮನೆಯ ಹಿಂದಿನ ಖಾಲಿ ಲೇಔಟಿನಲ್ಲಿ ನಿಂತು ವಿಮಾನ ಎಸೆಯಬಹುದು. ಎಸೆಯುತ್ತಾನೆ ಕೂಡ. ಎಸೆದ ಮೇಲೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಕ್ಲಬ್ಬಿನ ಇವತ್ತಿನ ಕೆಲಸವೆಲ್ಲ ಆ ಅರ್ಧ ನಿಮಿಷದಲ್ಲಿದೆ.

ಥ್ರಾಟಲ್ ಪೂರ್ತಿ ಕೊಟ್ಟು ಕೈಯಿಂದ ಬಿಟ್ಟ ವಿಮಾನ ಮೂತಿ ಎತ್ತಿ ಏರುತ್ತದೆ. ಅವನಿಗೆ ಖುಷಿ, ಇನ್ನಷ್ಟು ಏರಿಸಲು ಎಲಿವೇಟರ್ ಎಳೆಯುತ್ತಾನೆ. ಮೂತಿ ಮೇಲಾದಂತೆ ವೇಗ ಕುಂದುತ್ತದೆ. ಗಾಳಿ ರೆಕ್ಕೆಯ ಹಿಡಿತ ಬಿಡುತ್ತದೆ. ಇದು ಸ್ಟಾಲ್, ಬಹಳಷ್ಟು ವಿಮಾನಗಳು ಇಲ್ಲೇ ಬೀಳುತ್ತವೆ. ಅದೃಷ್ಟವಿದ್ದು ಇದನ್ನು ದಾಟಿದರೆ ವಿಮಾನ ನೆಟ್ಟಗೆ ದೂರ ಹೋಗುತ್ತದೆ, ಚಿಕ್ಕದಾಗುತ್ತದೆ, ತಿರುಗಿಸಲೇಬೇಕು. ತಿರುಗಿಸಿದ ಮೇಲೆ ಅದು ಅವನ ಕಡೆಗೇ ಬರುತ್ತಿದೆ. ಇಲ್ಲಿಂದ ಎಡಬಲ ಅದಲುಬದಲು. ವಿಮಾನದ ಬಲ ಈಗ ಅವನ ಎಡ. ಒಂದು ರೆಕ್ಕೆ ಕೆಳಗಿಳಿಯುತ್ತದೆ, ಅವನು ಸರಿಪಡಿಸಲು ಸ್ಟಿಕ್ ತಳ್ಳುತ್ತಾನೆ, ರೆಕ್ಕೆ ಇನ್ನಷ್ಟು ಇಳಿಯುತ್ತದೆ, ಗಾಬರಿಯಲ್ಲಿ ಇನ್ನೂ ಜೋರಾಗಿ ತಳ್ಳುತ್ತಾನೆ. ವಿಮಾನ ಸುರುಳಿ ಸುತ್ತುತ್ತಾ ನೆಲಕ್ಕೆ ಬಡಿಯುತ್ತದೆ. ಪ್ರೊಪೆಲ್ಲರು ಚೂರು, ಮೋಟಾರಿನ ಶಾಫ್ಟು ಸೊಟ್ಟ, ರೆಕ್ಕೆ ಎರಡು ತುಂಡು. ಇದಕ್ಕೊಂದು ಸರಳ ಉಪಾಯವಿದೆ. ವಿಮಾನ ನಿಮ್ಮ ಕಡೆಗೆ ಬರುತ್ತಿರುವಾಗ ಯಾವ ರೆಕ್ಕೆ ಇಳಿದಿದೆಯೋ ಆ ಕಡೆಗೇ ಸ್ಟಿಕ್ ತಳ್ಳಿ, ಬೀಳುತ್ತಿರುವ ರೆಕ್ಕೆಗೆ ಅಡಿಯಿಂದ ಕೈಯಾನಿಸಿದ ಹಾಗೆ. ರೆಕ್ಕೆ ಏಳುತ್ತದೆ. ಎಡ ಯಾವುದು ಬಲ ಯಾವುದು ಎಂದು ಲೆಕ್ಕ ಹಾಕುತ್ತಾ ಕೂರಬೇಕಾಗಿಲ್ಲ. ಇದನ್ನು ವಿಡಿಯೊ ನೋಡಿ ತಿಳಿದುಕೊಳ್ಳಬಹುದು, ಆದರೆ ಆ ಎರಡು ಸೆಕೆಂಡಿನಲ್ಲಿ ವಿಡಿಯೊ ನೆನಪಿಗೆ ಬರುವುದಿಲ್ಲ. ಪಕ್ಕದಲ್ಲಿ ನಿಂತವರೊಬ್ಬರು ‘ಇಳಿದ ಕಡೆಗೇ ತಳ್ಳಿ’ ಎಂದು ಕೂಗಬೇಕು, ಕೂಗಿದರೂ ಆಗದಿದ್ದರೆ ವಿಮಾನವನ್ನು ತಮ್ಮ ಕೈಗೆ ತೆಗೆದುಕೊಳ್ಳಬೇಕು.

ಹಾಗೆ ತೆಗೆದುಕೊಳ್ಳಲು ಒಂದು ಸೌಲಭ್ಯ ಬಹಳ ಹಿಂದಿನಿಂದಲೂ ಇದೆ. ಅದರ ಹೆಸರು ಬಡ್ಡಿ ಬಾಕ್ಸ್. ಎರಡು ರೇಡಿಯೊಗಳನ್ನು ಒಂದು ಕೇಬಲ್‌ನಿಂದ ಜೋಡಿಸುತ್ತಾರೆ. ಈಗೀಗ ಕೇಬಲ್ ಇಲ್ಲದೆಯೂ ಜೋಡಿಸಬಹುದು. ವಿಮಾನಕ್ಕೆ ಆಜ್ಞೆ ಹೋಗುವುದು ಕಲಿಸುವವರ ರೇಡಿಯೊದಿಂದಲೇ. ಅವರು ಒಂದು ಸ್ವಿಚ್ಚನ್ನು ಬೆರಳಿನಿಂದ ಎಳೆದು ಹಿಡಿದಷ್ಟು ಹೊತ್ತು ಕಲಿಯುವವರ ಸ್ಟಿಕ್ಕುಗಳಿಗೆ ಜೀವ. ಬೆರಳು ಸಡಿಲಿಸಿದ ಕ್ಷಣಕ್ಕೆ ವಿಮಾನ ಮತ್ತೆ ಇವರ ಕೈಗೆ.

ಇದು ಚೆನ್ನಾಗಿ ನಡೆದಾಗ ನೋಡಲು ಎಷ್ಟು ಸೊಗಸು ಎಂಬುದಕ್ಕೆ ಒಂದು ಬೆಳಗಿನ ಪಾಠ ಹೇಳುತ್ತೇನೆ. ಕಲಿಯಲು ಬಂದವರು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಮಹಿಳೆ, ಮಗನನ್ನು ಸೇರಿಸಲೆಂದು ಬಂದು ತಾವೇ ರೇಡಿಯೊ ಹಿಡಿದಿದ್ದರು. ಕಲಿಸುತ್ತಿದ್ದವರು ನಿವೃತ್ತ ಮೇಷ್ಟ್ರು. ಅವರೇ ವಿಮಾನವನ್ನು ಎತ್ತರಕ್ಕೆ ಒಯ್ದು, ಮಟ್ಟಸ ಮಾಡಿ, ‘ಈಗ ನಿಮ್ಮದು ಮೇಡಂ’ ಎಂದರು. ವಿಮಾನ ಸ್ವಲ್ಪ ಹೊಯ್ದಾಡಿತು. ‘ನನ್ನದು’ ಎಂದರು ಮೇಷ್ಟ್ರು, ಬೆರಳು ಬಿಟ್ಟರು, ವಿಮಾನ ನೆಟ್ಟಗಾಯಿತು. ‘ಸ್ಟಿಕ್ ಹಿಚುಕಬೇಡಿ ಮೇಡಂ, ಎರಡು ಬೆರಳಲ್ಲಿ ಹಿಡೀರಿ. ತಗೊಳ್ಳಿ, ನಿಮ್ಮದು.’ ಒಂದೇ ಬ್ಯಾಟರಿಯಲ್ಲಿ ಹೀಗೆ ವಿಮಾನ ಎಷ್ಟೋ ಸಲ ಆ ಕೈಯಿಂದ ಈ ಕೈಗೆ ದಾಟಿತು. ಕೊನೆಕೊನೆಗೆ ‘ನಿಮ್ಮದು’ ಎಂದಾದ ಮೇಲೆ ಪೂರ್ತಿ ಒಂದು ಸುತ್ತು ಅವರೇ ಹಾರಿಸಿದರು, ಮೇಷ್ಟ್ರು ಬಾಯಿ ತೆರೆಯಲಿಲ್ಲ. ಇಳಿದ ಮೇಲೆ ಆ ಮಹಿಳೆ ಕೇಳಿದ ಮೊದಲ ಪ್ರಶ್ನೆ, ‘ಮುಂದಿನ ವಾರ ಎಷ್ಟು ಗಂಟೆಗೆ ಬರಲಿ?’ ವಿಮಾನಕ್ಕೆ ಒಂದು ಗೀರೂ ಆಗಿರಲಿಲ್ಲ, ಅವರ ಜೇಬಿನಿಂದ ಒಂದು ರೂಪಾಯಿಯೂ ಹೋಗಿರಲಿಲ್ಲ.

ಅಂದಮೇಲೆ ಕ್ಲಬ್ಬು ಮಾಡಬೇಕಾದ ಮೊದಲ ವೆಚ್ಚ ಪೋಸ್ಟರಿನದಲ್ಲ. ಎರಡು ಟ್ರೇನರ್ ವಿಮಾನ, ಒಂದು ಜೊತೆ ಬಡ್ಡಿ ರೇಡಿಯೊ, ನಾಲ್ಕಾರು ಬ್ಯಾಟರಿ ಕ್ಲಬ್ಬಿನ ಹೆಸರಿನಲ್ಲೇ ಇರಬೇಕು. ಟ್ರೇನರ್ ಎಂದರೆ ರೆಕ್ಕೆ ಒಡಲ ಮೇಲಿರುವ, ಎರಡೂ ತುದಿ ತುಸು ಮೇಲಕ್ಕೆ ಬಾಗಿದ, ನಿಧಾನವಾಗಿ ತೇಲುವ ವಿಮಾನ. ಸ್ಟಿಕ್ ಬಿಟ್ಟರೆ ತಾನೇ ಮಟ್ಟಸಕ್ಕೆ ಬರುವ ಗುಣ ಅದಕ್ಕಿದೆ. ಹೊಸಬರು ಎಷ್ಟೋ ಸಲ ಯುದ್ಧವಿಮಾನದ ಚಂದಕ್ಕೆ ಸೋತು ಅದನ್ನೇ ಮೊದಲು ಕೊಳ್ಳುತ್ತಾರೆ. ಅದು ವೇಗವಾಗಿ ಹೋಗಿ ವೇಗವಾಗಿ ಮುರಿಯುತ್ತದೆ. ಕೊಳ್ಳುವ ಮೊದಲೇ ಹಾರಿಸಲು ಸಿಕ್ಕಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ಟ್ರೇನರ್‌ಗಿಂತ ಮುಖ್ಯವಾದದ್ದು ಕಲಿಸುವ ಮನುಷ್ಯ. ‘ನಮ್ಮಲ್ಲಿ ಎಲ್ಲರೂ ಕಲಿಸುತ್ತೇವೆ’ ಎನ್ನುವ ಕ್ಲಬ್ಬಿನಲ್ಲಿ ಯಾರೂ ಕಲಿಸುವುದಿಲ್ಲ, ಎಲ್ಲರೂ ತಮ್ಮ ತಮ್ಮ ವಿಮಾನ ಹಾರಿಸುತ್ತಿರುತ್ತಾರೆ. ಅದರಲ್ಲಿ ತಪ್ಪೂ ಇಲ್ಲ, ವಾರವೆಲ್ಲ ದುಡಿದು ಸಿಗುವುದು ಅದೊಂದು ಬೆಳಗು. ಅದಕ್ಕೇ ಸರದಿ ಬೇಕು. ಈ ಭಾನುವಾರ ಇಂಥವರು ತಮ್ಮ ವಿಮಾನ ತರುವುದಿಲ್ಲ, ಅವರ ಬೆಳಗು ಹೊಸಬರಿಗೆ ಮೀಸಲು ಎಂದು ಮೊದಲೇ ಬರೆದಿಡಬೇಕು. ಹೊಸಬರಿಗೆ ಅವರ ಹೆಸರು, ಬರುವ ಹೊತ್ತು ಗೊತ್ತಿರಬೇಕು. ಬಯಲಿನ ಅಂಚಿನಲ್ಲಿ ಕಾರಿನ ಪಕ್ಕ ಹಿಂಜರಿಯುತ್ತಾ ನಿಂತವರ ಬಳಿಗೆ ನಡೆದು ಹೋಗಿ ಮಾತಾಡಿಸುವವರು ಒಬ್ಬರಿದ್ದರೆ ಕ್ಲಬ್ಬಿನ ಅರ್ಧ ಸಮಸ್ಯೆ ಅಲ್ಲಿಗೇ ತೀರುತ್ತದೆ. ಎಷ್ಟೋ ಮೈದಾನಗಳಲ್ಲಿ ಹೊಸಬರಿಗೆ ಬೀಳುವ ಮೊದಲ ಮಾತು ‘ಏಯ್, ಆ ಕಡೆ ನಿಲ್ಲಬೇಡಿ’ ಎಂಬುದು. ಸುರಕ್ಷತೆಯ ಮಾತು ಹೇಳಲೇಬೇಕು. ಅದನ್ನು ಹತ್ತಿರ ಬಂದು, ಕಾರಣ ಸಹಿತ ಹೇಳಿದರೆ ಅದೇ ಮೊದಲ ಪಾಠವೂ ಆಗುತ್ತದೆ.

ಪ್ರದರ್ಶನಗಳ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸದು. ಕಾಲೇಜು ಉತ್ಸವಕ್ಕೆ ಹೋಗಿ ನುರಿತ ಪೈಲಟ್ ತಲೆಕೆಳಗಾಗಿ ಹಾರಿಸಿ, ನೆಲದಿಂದ ಮೊಳದೆತ್ತರದಲ್ಲಿ ವಿಮಾನವನ್ನು ಪ್ರೊಪೆಲ್ಲರಿನ ಬಲದಲ್ಲೇ ನೆಟ್ಟಗೆ ನಿಲ್ಲಿಸಿ ತೋರಿಸುತ್ತಾರೆ. ಚಪ್ಪಾಳೆ ಬೀಳುತ್ತದೆ. ನೋಡಿದವರು ‘ಅಬ್ಬಾ, ಇದು ನಮ್ಮ ಕೈಲಾಗೋದಲ್ಲ’ ಎಂದುಕೊಂಡು ಮನೆಗೆ ಹೋಗುತ್ತಾರೆ. ಅಲ್ಲಿಯೇ ಒಂದು ಮೇಜು ಹಾಕಿ, ಲ್ಯಾಪ್‌ಟಾಪಿನಲ್ಲಿ ಸಿಮ್ಯುಲೇಟರ್ ತೆರೆದು, ನಿಜವಾದ ರೇಡಿಯೊವನ್ನು ಅದಕ್ಕೆ ಸಿಕ್ಕಿಸಿ ‘ಬನ್ನಿ, ಒಂದು ಸುತ್ತು ಹಾರಿಸಿ’ ಎಂದು ಕರೆದಿದ್ದರೆ ಸಾಲು ನಿಲ್ಲುತ್ತಿತ್ತು. ಮೂರು ಸಲ ಬಿದ್ದು ನಾಲ್ಕನೆಯ ಸಲ ಇಳಿಸಿದವರ ಮುಖ ನೋಡಿ, ಅವರ ಫೋನ್ ನಂಬರು ಬರೆದುಕೊಳ್ಳಿ, ಅವರು ಬರುತ್ತಾರೆ. ಕ್ಲಬ್ಬಿನಲ್ಲಿ ಕಾರು ಓಡಿಸುವವರಿದ್ದರೆ ಇನ್ನೂ ಅನುಕೂಲ. ಆರ್‌ಸಿ ಕಾರು ಎಂಟು ವರ್ಷದ ಮಗುವಿನ ಕೈಗೂ ಧೈರ್ಯವಾಗಿ ಕೊಡಬಹುದು, ಗೋಡೆಗೆ ಗುದ್ದಿದರೂ ಹಿಂದಕ್ಕೆ ತೆಗೆದು ಮತ್ತೆ ಓಡಿಸಬಹುದು. ಮುಖಾಮುಖಿ ಬರುವಾಗ ಎಡಬಲ ಅದಲುಬದಲಾಗುವ ಪಾಠವನ್ನೂ ಅದು ನೆಲದ ಮೇಲೆಯೇ ಕಲಿಸಿಬಿಡುತ್ತದೆ.

ಖರ್ಚಿನ ಮಾತು ಬಂದರೆ ಹಳಬರು ತಮ್ಮ ದೊಡ್ಡ ವಿಮಾನದ ಬೆಲೆ ಹೇಳಿ ಬಂದವರನ್ನು ಬೆದರಿಸುತ್ತಾರೆ. ಅದು ಬೇಡ. ಆರು ಚಾನೆಲ್‌ನ ಸಾಧಾರಣ ರೇಡಿಯೊ, ಒಂದು ಮೋಟಾರು, ಅದರ ವೇಗ ನಿಯಂತ್ರಿಸುವ ಇಎಸ್‌ಸಿ, ಮೂರು-ನಾಲ್ಕು ಸರ್ವೊ, ಒಂದು ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, ಚಾರ್ಜರು ಎಲ್ಲ ಸೇರಿ ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ವಿಮಾನದ ಮೈಯನ್ನು ಫೋಮ್ ಬೋರ್ಡಿನಲ್ಲೋ, ಜಾಹೀರಾತು ಫಲಕಕ್ಕೆ ಬಳಸುವ ಪದರದ ಪ್ಲಾಸ್ಟಿಕ್ ಹಾಳೆಯಲ್ಲೋ ಕತ್ತರಿಸಿ, ಗ್ಲೂ ಗನ್ನಿನಿಂದ ಅಂಟಿಸಿ ಒಂದೆರಡು ಸಂಜೆಗಳಲ್ಲಿ ಮಾಡಬಹುದು. ಇದರ ನಕ್ಷೆಗಳು ಪುಕ್ಕಟೆ ಸಿಗುತ್ತವೆ. ಅಮೆರಿಕದ ಫ್ಲೈಟ್ ಟೆಸ್ಟ್ ಎಂಬ ಬಳಗವಂತೂ ಅಗ್ಗದ ಫೋಮ್ ಹಾಳೆಯಿಂದ ವಿಮಾನ ಕಟ್ಟುವುದನ್ನು ಮನೆಮನೆಯ ಕೆಲಸವಾಗಿಸಿತು. ಒಂದೇ ಮೋಟಾರಿನ ತಟ್ಟೆಯನ್ನು ಒಂದು ವಿಮಾನದಿಂದ ಬಿಚ್ಚಿ ಇನ್ನೊಂದಕ್ಕೆ ಸಿಕ್ಕಿಸುವ ಏರ್ಪಾಟು ಅವರದು. ವಿಮಾನ ಮುರಿದರೆ ಹೋಗುವುದು ಬರೀ ಹಾಳೆ. ತನ್ನ ಕೈಯಾರೆ ಕಟ್ಟಿದವರಿಗೆ ಮುರಿದದ್ದನ್ನು ಮತ್ತೆ ಕಟ್ಟುವ ಧೈರ್ಯವೂ ಇರುತ್ತದೆ, ಡಬ್ಬಿಯಿಂದ ತೆಗೆದು ಹಾರಿಸಿದವರಿಗೆ ಆ ಧೈರ್ಯ ಬರಲು ಬಹಳ ಕಾಲ ಬೇಕು. ಆದ್ದರಿಂದ ತಿಂಗಳಿಗೊಂದು ಶನಿವಾರ ಸಂಜೆ ಯಾವುದಾದರೂ ಶಾಲೆಯ ಕೊಠಡಿಯಲ್ಲಿ ಕಟ್ಟುವ ಪಾಠ ನಡೆಸುವ ಕ್ಲಬ್ಬು ಖಂಡಿತ ಬೆಳೆಯುತ್ತದೆ. ಚಿಕ್ಕ ಮಕ್ಕಳಿಗೆ ಕೈಯಿಂದ ಎಸೆಯುವ ಗ್ಲೈಡರು ಸಾಕು. ಥರ್ಮೊಕೋಲ್ ಹಾಳೆಯ ರೆಕ್ಕೆ, ಬಿದಿರು ಕಡ್ಡಿಯ ಒಡಲು, ಮೂತಿಗೆ ತುಸು ಜೇಡಿಮಣ್ಣು. ತೂಕ ರೆಕ್ಕೆಯ ಮುಂದಿನ ಮೂರನೇ ಒಂದು ಭಾಗದ ಹತ್ತಿರ ಸಮತೂಗಿದರೆ ಹಾರುತ್ತದೆ, ಹಿಂದಕ್ಕೆ ಸರಿದರೆ ತಲೆಯೆತ್ತಿ ಕವುಚಿಕೊಳ್ಳುತ್ತದೆ. ಎನ್‌ಸಿಸಿಯ ವಾಯುದಳ ವಿಭಾಗದಲ್ಲಿ ಏರೊಮಾಡೆಲಿಂಗ್ ಕಲಿತವರು ಹಲವು ಊರುಗಳಲ್ಲಿ ಇದ್ದಾರೆ. ಕೆಡೆಟ್ ಆಗಿದ್ದಾಗ ಕಲಿತು, ಕೆಲಸ ಸಂಸಾರ ಎಂದು ಬಿಟ್ಟವರು ಅವರು. ಕರೆದರೆ ಬಂದು ಕಲಿಸುತ್ತಾರೆ.

ಹೊಸಬರನ್ನು ಎಲ್ಲಿ ಹುಡುಕುವುದು ಎಂಬ ಪ್ರಶ್ನೆಗೆ ಬೆಂಗಳೂರಿನಂಥ ಊರಿನಲ್ಲಿ ಉತ್ತರ ಕಾಲಿಗೇ ತೊಡರುತ್ತದೆ. ವಿಮಾನ ತಯಾರಿಸುವ ಎಚ್‌ಎಎಲ್, ವಿಮಾನ ಸಂಶೋಧನೆಯ ಎನ್‌ಎಎಲ್‌ಗಳಲ್ಲಿ ದುಡಿದು ನಿವೃತ್ತರಾದವರು ಇಲ್ಲಿ ಬೇಕಾದಷ್ಟಿದ್ದಾರೆ. ರೆಕ್ಕೆಯ ನಕ್ಷೆ ಬರೆದವರು, ರಿವೆಟ್ ಬಡಿದವರು, ಗಾಳಿಸುರಂಗದ ಮುಂದೆ ವರ್ಷಗಟ್ಟಲೆ ಕೂತವರು. ತಾವೇ ಹಾರಿಸುವ ಅವಕಾಶ ಅವರಲ್ಲಿ ಹೆಚ್ಚಿನವರಿಗೆ ಸಿಕ್ಕಿರಲಿಕ್ಕಿಲ್ಲ. 1951ರಲ್ಲಿ ಮೊದಲ ಸಲ ಹಾರಿದ, ಇದೇ ಊರಿನಲ್ಲಿ ಹುಟ್ಟಿದ ಎಚ್‌ಟಿ-2 ತರಬೇತಿ ವಿಮಾನದ ಮಾದರಿಯೊಂದನ್ನು ಕ್ಲಬ್ಬು ಕಟ್ಟಲು ಹೊರಟರೆ ಸಲಹೆ ಕೊಡಲು ಎಷ್ಟು ಹಿರಿಯರು ಬಂದಾರು ಎಂದು ಯೋಚಿಸಿ. ಇನ್ನೊಂದು ಕಡೆ ಎಂಜಿನಿಯರಿಂಗ್ ಕಾಲೇಜುಗಳ ತಂಡಗಳಿವೆ. ಎಸ್‌ಎಇ ಏರೊ ಡಿಸೈನ್‌ನಂಥ ಸ್ಪರ್ಧೆಗಳಿಗಾಗಿ ರಾತ್ರಿಯೆಲ್ಲ ಕೂತು ಭಾರ ಹೊರುವ ವಿಮಾನ ಕಟ್ಟುತ್ತಾರೆ. ಸ್ಪರ್ಧೆ ಮುಗಿದ ಮೇಲೆ ಆ ತಂಡ ಚದುರುತ್ತದೆ, ವಿಮಾನ ಪ್ರಯೋಗಾಲಯದ ಬೀರುವಿನ ಮೇಲೆ ಧೂಳು ತಿನ್ನುತ್ತದೆ. ಆ ತಂಡಗಳಿಗೆ ಎಷ್ಟೋ ಸಲ ಹಾರಿಸುವ ಪೈಲಟ್ಟೇ ಇರುವುದಿಲ್ಲ, ಹೊರಗಿನಿಂದ ಕರೆಸುತ್ತಾರೆ. ಮೊದಲ ವರ್ಷದಲ್ಲೇ ಅವರನ್ನು ಮೈದಾನಕ್ಕೆ ಕರೆದು ಹಾರಿಸಲು ಕಲಿಸಿದರೆ ಇಬ್ಬರಿಗೂ ಲಾಭ. ಡ್ರೋನ್‌ನ ಕ್ಯಾಮೆರಾ ಕಂಡದ್ದನ್ನು ತೋರಿಸುವ ಕನ್ನಡಕ ಹಾಕಿಕೊಂಡು ರೇಸಿಂಗ್ ಡ್ರೋನ್ ಹಾರಿಸುವ ಹುಡುಗರನ್ನು ಕಂಡರೆ ಕೆಲವು ಹಳಬರಿಗೆ ಆಗುವುದಿಲ್ಲ, ‘ಇದು ಹಾರಾಟವೇ ಅಲ್ಲ’ ಎನ್ನುತ್ತಾರೆ. ಬೆಸುಗೆ ಹಾಕುವುದರಲ್ಲಿ, ಬ್ಯಾಟರಿಯ ಲೆಕ್ಕದಲ್ಲಿ ಆ ಹುಡುಗರ ಕೈ ನಮ್ಮೆಲ್ಲರಿಗಿಂತ ಚುರುಕು. ಅವರಿಗೊಂದು ಮೂಲೆ, ಒಂದು ಹೊತ್ತು ಬಿಟ್ಟುಕೊಡುವುದರಿಂದ ಕ್ಲಬ್ಬಿಗೆ ಕಳೆದುಕೊಳ್ಳಲು ಏನೂ ಇಲ್ಲ.

ಇವರೆಲ್ಲರಿಗಿಂತ ಮೊದಲು ನೆನೆಯಬೇಕಾದ ಒಬ್ಬನಿದ್ದಾನೆ. ಪ್ರತಿ ಮೈದಾನದಲ್ಲೂ ಅವನನ್ನು ನೋಡಿದ್ದೇನೆ. ಪಕ್ಕದ ಹಳ್ಳಿಯ ಹುಡುಗ, ಹನ್ನೆರಡೋ ಹದಿಮೂರೋ ವಯಸ್ಸು. ನಾವು ಕಾರಿನಿಂದ ಇಳಿಯುವ ಹೊತ್ತಿಗೆ ಬಂದಿರುತ್ತಾನೆ. ವಿಮಾನ ರಾಗಿ ಹೊಲದಲ್ಲಿ ಬಿದ್ದರೆ ತೆನೆ ಮುರಿಯದ ಹಾಗೆ ಸಾಲಿನ ನಡುವೆಯೇ ನಡೆದು ತರುತ್ತಾನೆ, ತೆಂಗಿನ ಮರಕ್ಕೆ ಸಿಕ್ಕಿಕೊಂಡರೆ ಹತ್ತಿ ಇಳಿಸುತ್ತಾನೆ. ‘ಅಣ್ಣಾ, ಅಲ್ಲಿ ಹದ್ದು ಬತ್ತಾ ಐತೆ ನೋಡಿ’ ಎಂದು ನಮಗಿಂತ ಮೊದಲು ಕಂಡು ಹೇಳುತ್ತಾನೆ. ಗಾಳಿ ಯಾವಾಗ ತಿರುಗುತ್ತದೆ, ಯಾವ ಹೊಲದವರು ಒಳಗೆ ಕಾಲಿಟ್ಟರೆ ಸಿಟ್ಟಾಗುತ್ತಾರೆ ಎಲ್ಲವೂ ಅವನಿಗೆ ಗೊತ್ತು. ವರ್ಷಗಟ್ಟಲೆ ವಿಮಾನ ಎತ್ತಿ ತಂದುಕೊಟ್ಟ ಆ ಹುಡುಗನಿಗೆ ಬಿಸ್ಕತ್ತು ಸಿಗುತ್ತದೆ, ಇಪ್ಪತ್ತು ರೂಪಾಯಿ ಸಿಗುತ್ತದೆ, ರೇಡಿಯೊ ಸಿಗುವುದಿಲ್ಲ. ಹೊಸ ಸದಸ್ಯರಿಲ್ಲ ಎಂದು ನಾವು ಮರದಡಿ ಕೂತು ಮರುಗುತ್ತಿರುವಾಗ ಅವನು ನಾಲ್ಕು ಮಾರು ದೂರದಲ್ಲಿ ನಿಂತಿರುತ್ತಾನೆ. ಇದು ನನಗೆ ಬಹಳ ನೋವಿನ ಸಂಗತಿ. ಬಡ್ಡಿ ಬಾಕ್ಸಿನ ಇನ್ನೊಂದು ರೇಡಿಯೊ ಅವನ ಕೈಗೆ ಹೋಗಬೇಕು, ಅವನ ತಂಗಿಯ ಕೈಗೂ ಹೋಗಬೇಕು. ಚಂದಾ ಕೇಳಬೇಡಿ. ಅವನ ಊರಿನವರ ಸೌಜನ್ಯದಿಂದಲೇ ಆ ಬಯಲಿನಲ್ಲಿ ನಾವು ನಿಂತಿರುವುದು.

ನಿಯಮಗಳ ಭಯವೂ ಹಲವರನ್ನು ಬಾಗಿಲಲ್ಲೇ ತಡೆಯುತ್ತದೆ. ‘ಪೊಲೀಸರು ಹಿಡೀತಾರಂತೆ’ ಎಂಬ ಮಾತು ಕೇಳದವರಿಲ್ಲ. ಕ್ಲಬ್ಬು ಇದನ್ನು ಬಿಡಿಸಿ ಹೇಳಬೇಕು. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು ಕಣ್ಣಳತೆಯಲ್ಲೇ ಹಾರುವ, 25 ಕೆ.ಜಿ. ಮೀರದ, ಕಲಿಕೆಗೋ ಸಂಶೋಧನೆಗೋ ಮನರಂಜನೆಗೋ ಬಳಸುವ ಮಾದರಿಗಳನ್ನು ಪ್ರತ್ಯೇಕವಾಗಿ ಗುರುತಿಸಿವೆ, ಅವುಗಳಿಗೆ ಟೈಪ್ ಸರ್ಟಿಫಿಕೇಟ್ ಎಂಬ ವಿನ್ಯಾಸದ ಪ್ರಮಾಣಪತ್ರದ ಅಗತ್ಯವಿಲ್ಲ. ಸರ್ಕಾರದ ವಾಯುಪ್ರದೇಶದ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ಎಂದು ಮೂರು ವಲಯಗಳಿವೆ. ಹಸಿರಿನಲ್ಲಿ 400 ಅಡಿಯವರೆಗೆ ಹಾರಾಟಕ್ಕೆ ಅನುಮತಿ ಕೇಳಬೇಕಾಗಿಲ್ಲ. ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿ.ಮೀ. ದೂರದಲ್ಲಿ ಈ ಮಿತಿ 200 ಅಡಿಗೆ ಇಳಿಯುತ್ತದೆ, 8 ಕಿ.ಮೀ. ಒಳಗೆ ನೆಲದಿಂದಲೇ ಅನುಮತಿ ಬೇಕು. ದೇವನಹಳ್ಳಿ, ಯಲಹಂಕ, ಜಕ್ಕೂರು, ಎಚ್‌ಎಎಲ್ ಎಲ್ಲವನ್ನೂ ಇಟ್ಟುಕೊಂಡ ಬೆಂಗಳೂರಿನ ಉತ್ತರ, ಪೂರ್ವ ಭಾಗದವರು ಇದನ್ನು ಲಘುವಾಗಿ ತೆಗೆದುಕೊಳ್ಳುವಂತಿಲ್ಲ. ಲೇಔಟಿನಲ್ಲಿ ಒಬ್ಬನೇ ಎಸೆಯುವ ಹುಡುಗನಿಗೆ ಇದಾವುದೂ ತಿಳಿದಿರುವುದಿಲ್ಲ. ನಕ್ಷೆ ನೋಡಿ ಆರಿಸಿದ ಬಯಲು, ಜಮೀನಿನವರ ಒಪ್ಪಿಗೆ, ಹತ್ತಿರದ ಠಾಣೆಗೆ ಕೊಟ್ಟ ಮಾಹಿತಿ, ನೋಂದಣಿ ಮತ್ತು ವಿಮೆಯ ವಿಷಯದಲ್ಲಿ ತಿಳಿದವರ ಸಲಹೆ, ಇವಿಷ್ಟನ್ನು ಕೊಡಬಲ್ಲ ಕ್ಲಬ್ಬಿಗೆ ತಂದೆತಾಯಿಯರು ಮಕ್ಕಳನ್ನು ನಂಬಿ ಕಳಿಸುತ್ತಾರೆ. 2022ರ ಫೆಬ್ರವರಿಯಿಂದ ಹೊರದೇಶದ ಸಿದ್ಧ ಡ್ರೋನ್‌ಗಳ ಆಮದಿಗೆ ನಿಷೇಧವಿದೆ, ಬಿಡಿಭಾಗಗಳಿಗೆ ಇಲ್ಲ. ಕೈಯಾರೆ ಕಟ್ಟುವುದನ್ನು ಕಲಿಸುವವರಿಗೆ ಇದು ಒಳ್ಳೆಯ ಕಾಲ.

ಹೊರಗಿನವರು ಈ ಕೆಲಸವನ್ನು ಹೇಗೆ ಮಾಡುತ್ತಾರೆ ಎಂಬುದನ್ನೂ ನೋಡಬಹುದು. ಅಮೆರಿಕದಲ್ಲಿ 1936ರಲ್ಲಿ ಹುಟ್ಟಿದ ಅಕಾಡೆಮಿ ಆಫ್ ಮಾಡೆಲ್ ಏರೊನಾಟಿಕ್ಸ್ ತನ್ನ ಸದಸ್ಯರಿಗೆ 25 ಲಕ್ಷ ಡಾಲರ್‌ವರೆಗಿನ ಹೊಣೆಗಾರಿಕೆ ವಿಮೆ ಒದಗಿಸುತ್ತದೆ. ಅದರ ಕ್ಲಬ್ಬುಗಳಲ್ಲಿ ಗುರುತಿಸಲ್ಪಟ್ಟ ಶಿಕ್ಷಕರು ಇನ್ನೂ ಸದಸ್ಯರಾಗದ ಹೊಸಬರಿಗೂ ಕಲಿಸಬಹುದು, ಆ ಅವಧಿಗೂ ವಿಮೆಯ ರಕ್ಷಣೆ ಇರುತ್ತದೆ. ಬ್ರಿಟನ್ನಿನ ಮಾದರಿ ವಿಮಾನಗಳ ಸಂಘ ‘ಎ’ ಮತ್ತು ‘ಬಿ’ ಪ್ರಮಾಣಪತ್ರ ಕೊಡುತ್ತದೆ. ‘ಎ’ ಎಂದರೆ ಮೇಲೇರಿಸಿ, ಸುತ್ತು ಹಾಕಿ, ಎಂಟರ ಆಕಾರ ಬರೆದು, ಮೋಟಾರು ನಿಂತಂತೆ ಭಾವಿಸಿ ಇಳಿಸಿ, ಸುರಕ್ಷತೆಯ ಪ್ರಶ್ನೆಗಳಿಗೆ ಉತ್ತರಿಸಿದವರು. ಅವರನ್ನು ಒಬ್ಬರೇ ಹಾರಿಸಲು ಬಿಡಬಹುದು. ಅಷ್ಟು ದೊಡ್ಡ ಸಂಸ್ಥೆಗಳಿದ್ದೂ ಅಲ್ಲಿನ ಕ್ಲಬ್ಬುಗಳಲ್ಲಿ ತಲೆ ನರೆತವರೇ ಹೆಚ್ಚಾಗುತ್ತಿದ್ದಾರೆ ಎಂಬ ಚಿಂತೆ ಅವರಿಗೂ ಇದೆ. ವಿಮೆ, ಪ್ರಮಾಣಪತ್ರ ಒಳ್ಳೆಯವೇ, ಆದರೆ ಬಯಲಿನ ಅಂಚಿನಲ್ಲಿ ನಿಂತವರನ್ನು ಮಾತಾಡಿಸುವ ಕೆಲಸವನ್ನು ಅವು ಮಾಡಲಾರವು. ನಮ್ಮ ಕ್ಲಬ್ಬುಗಳು ಆ ‘ಎ’ ಪರೀಕ್ಷೆಯ ಮಾದರಿಯನ್ನು ಮಾತ್ರ ಧಾರಾಳವಾಗಿ ತೆಗೆದುಕೊಳ್ಳಬಹುದು. ಕಲಿಯುವವರಿಗೆ ಮುಂದಿನ ಮೆಟ್ಟಿಲು ಕಾಣುತ್ತಿರಬೇಕು: ಮೊದಲು ಮಟ್ಟಸ ಹಾರಾಟ, ಆಮೇಲೆ ತಿರುವು, ಎಂಟರ ಆಕಾರ, ಕೊನೆಗೆ ಇಳಿಸುವುದು. ಒಬ್ಬರೇ ಹಾರಿಸಿದ ದಿನ ಇಡೀ ಕ್ಲಬ್ಬು ಅವರ ಕೈ ಕುಲುಕಬೇಕು.

ಕಾಲವನ್ನೂ ನೋಡಿ ಕರೆಯಬೇಕು. ಆಷಾಢದ ಗಾಳಿ ಗಾಳಿಪಟಕ್ಕೆ ಚೆಂದ, ಹೊಸಬರ ಟ್ರೇನರಿಗೆ ಮೃತ್ಯು. ದೀಪಾವಳಿ ಕಳೆದ ಮೇಲೆ ಶಿವರಾತ್ರಿಯವರೆಗೆ ಬೆಳಗಿನ ಗಾಳಿ ಸದ್ದಿಲ್ಲದೆ ಮಲಗಿರುತ್ತದೆ, ಕಲಿಸಲು ಅದೇ ಸುಗ್ಗಿ. ಆ ದಿನಗಳಲ್ಲಿ ಶುರುವಾದವರು ಬೇಸಿಗೆಯ ಹೊತ್ತಿಗೆ ಒಬ್ಬರೇ ಹಾರಿಸುತ್ತಾರೆ, ಮಳೆಗಾಲದಲ್ಲಿ ಕಟ್ಟುವುದು, ರಿಪೇರಿ, ಸಿಮ್ಯುಲೇಟರ್ ಎಂದು ನಂಟು ಉಳಿಯುತ್ತದೆ. ಮೈದಾನದಲ್ಲಿ ನೆರಳು, ಕುಡಿಯುವ ನೀರು, ಹತ್ತಿರದಲ್ಲಿ ಶೌಚಾಲಯ ಇರಬೇಕು. ಇದು ಸಣ್ಣ ವಿಷಯವೆಂದು ಗಂಡಸರೇ ತುಂಬಿದ ಕ್ಲಬ್ಬುಗಳಿಗೆ ಅನ್ನಿಸುತ್ತದೆ. ಹೆಂಗಸರು, ಹೆಣ್ಣುಮಕ್ಕಳು ಒಂದೇ ಸಲ ಬಂದು ಮತ್ತೆ ಬಾರದಿರಲು ಬೇರೆ ಕಾರಣ ಹುಡುಕಬೇಕಾಗಿಲ್ಲ. ಒಂಬತ್ತು ಗಂಟೆಗೆ ಗಾಳಿ ಎದ್ದಾಗ ಎಲ್ಲರೂ ಒಟ್ಟಿಗೆ ಕೂತು ಇಡ್ಲಿ ತಿನ್ನುವ ಪದ್ಧತಿಯಿದ್ದರೆ ಹೊಸಬರನ್ನೂ ಆ ಗುಂಪಿಗೆ ಕೂಗಿ ಕರೆಯಿರಿ. ಲಿಪೊ ಬ್ಯಾಟರಿಯನ್ನು ಕಣ್ಣಳತೆಯಲ್ಲಿಟ್ಟೇ ಚಾರ್ಜ್ ಮಾಡಬೇಕು, ಊದಿಕೊಂಡದ್ದನ್ನು ಮತ್ತೆ ಬಳಸಬಾರದು ಎಂಬಂಥ, ಮನೆಗೆ ಬೆಂಕಿ ಬೀಳದಂತೆ ಕಾಯುವ ಪಾಠಗಳು ಆ ತಿಂಡಿಯ ಹೊತ್ತಿನಲ್ಲೇ ಸಲೀಸಾಗಿ ಮನಸ್ಸಿಗಿಳಿಯುತ್ತವೆ. ಎರಡು ವಾರ ಬಾರದವರಿಗೆ ಯಾರಾದರೂ ಫೋನ್ ಮಾಡಬೇಕು. ‘ಯಾಕೆ ಬರಲಿಲ್ಲ? ವಿಮಾನ ಮುರೀತಾ? ತಗೊಂಡು ಬನ್ನಿ, ಕೂತು ಸರಿ ಮಾಡೋಣ.’ ಮೂರನೆಯ ತಿಂಗಳಲ್ಲಿ ಕಾಣೆಯಾಗುವವರಲ್ಲಿ ಬಹುಪಾಲು ಜನರ ಮನೆಯಲ್ಲಿ ಮಂಚದ ಕೆಳಗೆ ಒಂದು ಮುರಿದ ವಿಮಾನ ಇರುತ್ತದೆ, ಅದನ್ನು ಯಾರಿಗೆ ತೋರಿಸಬೇಕೆಂದು ತಿಳಿಯದೆ ಸಂಕೋಚಪಟ್ಟು ಸುಮ್ಮನಾಗಿರುತ್ತಾರೆ.

ಇದನ್ನು ಓದುತ್ತಿರುವ ನಿಮಗೆ ಆಕಾಶದತ್ತ ಕತ್ತೆತ್ತುವ ಚಟ ಇನ್ನೂ ಉಳಿದಿದ್ದರೆ ನಿಮ್ಮ ಊರಿನ ಹತ್ತಿರ ಆರ್‌ಸಿ ಹಾರಿಸುವವರು ಎಲ್ಲಿ ಸೇರುತ್ತಾರೆ ಎಂದು ವಿಚಾರಿಸಿ. ಭಾನುವಾರ ಬೆಳಿಗ್ಗೆ ಆರೂವರೆಗೆ ಹೋಗಿ, ಟೋಪಿ ಮತ್ತು ನೀರು ಜೊತೆಗಿರಲಿ, ಹಾರಿಸುವವರ ಬೆನ್ನ ಹಿಂದೆ ನಿಲ್ಲಿ. ಮನೆಯಲ್ಲಿ ಮಗಳಿದ್ದರೆ ಕರೆದುಕೊಂಡು ಹೋಗಿ. ಮೊದಲ ದಿನ ಏನನ್ನೂ ಕೊಳ್ಳಬೇಡಿ, ಯಾರು ಎಷ್ಟೇ ಹುರಿದುಂಬಿಸಿದರೂ. ‘ನಾನೂ ಒಂದು ಸಲ ಹಿಡೀಬಹುದಾ?’ ಎಂದು ಕೇಳಿ. ಹಿಡಿಯಲು ಕೊಟ್ಟರೆ ಅದು ನೀವು ಸೇರಬೇಕಾದ ಕ್ಲಬ್ಬು. ಕೊಡದಿದ್ದರೆ ಇನ್ನೊಂದನ್ನು ಹುಡುಕಿ.